ಮೇಲ್ ಸರ್ವರ್‌ಗೆ ನಾನು ಸ್ಪ್ಯಾಮ್ ಫಿಲ್ಟರ್ ಹಾಕಿದ ಬಗೆ

ಸ್ಪ್ಯಾಮ್ ಫಿಲ್ಟರ್ ಹಾಕುವಾಗ ನನಗಿದ್ದ ಚಿಂತೆ ಒಂದೇ. ನಾಲ್ಕು ಸ್ಪ್ಯಾಮ್ ಒಳಗೆ ಬಂದರೆ ಅಳಿಸಬಹುದು, ಆದರೆ ಯಾರದೋ ಕೆಲಸದ ಮೇಲ್ ಸದ್ದಿಲ್ಲದೆ ಮಾಯವಾದರೆ ಅದು ಕಳೆದುಹೋಗಿದೆ ಅನ್ನೋದೇ ಯಾರಿಗೂ ಗೊತ್ತಾಗಲ್ಲ, ಅಲ್ವಾ? ಹಾಗಾಗಿ ಯಾವ ಮೇಲನ್ನೂ ಗುಟ್ಟಾಗಿ ಎಸೆಯಬಾರದು ಅಂತ ಮೊದಲೇ ತೀರ್ಮಾನಿಸಿದೆ. ಬೇಡದ್ದನ್ನು ಬಾಗಿಲಲ್ಲೇ, ಅಂದರೆ ಮೇಲ್ ತಲುಪಿಸುವ ಎಸ್‌ಎಂಟಿಪಿ ಸಂಪರ್ಕ ಇನ್ನೂ ಇರುವಾಗಲೇ ರಿಜೆಕ್ಟ್ ಮಾಡಬೇಕು. ಆಗ ನಿಜವಾಗಿ ಕಳಿಸಿದವರಿಗೆ ಅವರ ಸರ್ವರ್ರೇ ವಿಷಯ ತಿಳಿಸುತ್ತದೆ. ಒಮ್ಮೆ ತೆಗೆದುಕೊಂಡು ಆಮೇಲೆ ಬೌನ್ಸ್ ಮಾಡೋದಂತೂ, ಅಂದರೆ ವಾಪಸ್ ಕಳಿಸೋದಂತೂ, ಬೇಡವೇ ಬೇಡ. ಸ್ಪ್ಯಾಮ್ ಕಳಿಸುವವರು ಸಾಮಾನ್ಯವಾಗಿ ಬೇರೆಯವರ ವಿಳಾಸ ಹಾಕಿರುತ್ತಾರೆ, ಏನೂ ಗೊತ್ತಿಲ್ಲದ ಆ ಮನುಷ್ಯನಿಗೆ ಬೌನ್ಸ್ ಹೋಗಿ ಬೀಳುತ್ತದೆ.

ನನ್ನ ಮೇಲ್ ಸರ್ವರ್ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್. ಅದಕ್ಕೆ ಆರ್‌ಸ್ಪ್ಯಾಮ್‌ಡಿ ಅನ್ನೋ ಸ್ಪ್ಯಾಮ್ ಫಿಲ್ಟರನ್ನು 11332 ಪೋರ್ಟ್‌ನಲ್ಲಿ ಮಿಲ್ಟರ್ (ಬರುವ ಮೇಲನ್ನು ನಡುವೆಯೇ ಪರೀಕ್ಷಿಸುವ ಜೋಡಣೆ) ಆಗಿ ಸೇರಿಸಿದೆ, ಕಲಿತದ್ದನ್ನು ಇಟ್ಟುಕೊಳ್ಳೋಕೆ ರೆಡಿಸ್ ಅನ್ನೋ ಡೇಟಾಬೇಸ್. ಇಷ್ಟಕ್ಕೆ ಜಾಸ್ತಿ ಹೊತ್ತು ಬೇಕಿಲ್ಲ.

ನಿಧಾನವಾಗಿ ಮಾಡಬೇಕಾದ್ದು ಡಿಎನ್‌ಎಸ್, ಅಂದರೆ ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಸ್ಪ್ಯಾಮ್ ಕಳಿಸುವ ಐಪಿಗಳನ್ನು ಗುರುತಿಸಿಟ್ಟಿರುವ ಸ್ಪ್ಯಾಮ್‌ಹೌಸ್‌ನಂಥ ಕಪ್ಪುಪಟ್ಟಿಗಳನ್ನು ಕೇಳೋದು ಡಿಎನ್‌ಎಸ್ ಮೂಲಕವೇ. ಸರ್ವರ್‌ನಲ್ಲಿ 8.8.8.8 ಥರದ ಸಾರ್ವಜನಿಕ ರಿಸಾಲ್ವರ್ (ಡಿಎನ್‌ಎಸ್ ಪ್ರಶ್ನೆಗೆ ಉತ್ತರ ತಂದುಕೊಡುವ ಸರ್ವರ್) ಇದ್ದರೆ ಸ್ಪ್ಯಾಮ್‌ಹೌಸ್‌ನಿಂದ ಸರಿಯಾದ ಉತ್ತರ ಬರಲ್ಲ, 127.255.255.254 ಅನ್ನೋ ಎರರ್ ಕೋಡ್ ಬರುತ್ತದೆ. ಪಟ್ಟಿಯಲ್ಲಿರುವ ಐಪಿಗೆ ಬರುವ ಉತ್ತರವೂ 127ರಿಂದಲೇ ಶುರುವಾಗೋದು, ಹಾಗಾಗಿ ಸುಮ್ನೆ ಉತ್ತರ ಬಂತಾ ಅಂತ ಮಾತ್ರ ನೋಡುವ ಸೆಟ್ಟಿಂಗ್ ಇದ್ದರೆ ಒಳ್ಳೆಯ ಮೇಲ್ ಕೂಡ ಸ್ಪ್ಯಾಮ್ ಆಗಿಬಿಡುತ್ತದೆ. ಅದಕ್ಕೇ ಅದೇ ಮಷೀನ್‌ನಲ್ಲಿ ಅನ್‌ಬೌಂಡ್ ಅನ್ನೋ ಸ್ವಂತ ರಿಸಾಲ್ವರ್ ಹಾಕಿ, ಯಾರಿಗೂ ಫಾರ್ವರ್ಡ್ ಮಾಡದೆ ತಾನೇ ನೇರವಾಗಿ ಕೇಳುವ ಹಾಗೆ ಮಾಡಿದೆ. ಆಮೇಲೆ ಡಿಎನ್‌ಎಸ್ ಕೇಳುವ ಡಿಗ್ ಕಮಾಂಡ್‌ನಿಂದ ಸ್ಪ್ಯಾಮ್‌ಹೌಸ್‌ನ ಝೆನ್ ಪಟ್ಟಿಯಲ್ಲಿ ಪರೀಕ್ಷೆಗೆಂದೇ ಇರುವ 127.0.0.2 ಅನ್ನು, ಅಂಕಿಗಳನ್ನು ತಿರುಗಿಸಿ 2.0.0.127 ಅಂತ, ಹುಡುಕಿದೆ. 127.0.0.2 ಅಂತ ಉತ್ತರ ಬಂದ ಮೇಲೇ ಮುಂದಿನ ಕೆಲಸ.

ಆರ್‌ಸ್ಪ್ಯಾಮ್‌ಡಿಯಲ್ಲಿ ಮೊದಲಿಂದ ಇರುವ ಲೆಕ್ಕ ಹೀಗೆ: ಮೇಲ್‌ನ ಅನುಮಾನದ ಸ್ಕೋರ್ 4 ಆದರೆ ಗ್ರೇಲಿಸ್ಟ್ (ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸಿ ಅನ್ನೋದು), 6ಕ್ಕೆ ಸ್ಪ್ಯಾಮ್ ಹೆಡರ್ (ಇದು ಸ್ಪ್ಯಾಮ್ ಅನ್ನೋ ಗುರುತು), 15ಕ್ಕೆ ರಿಜೆಕ್ಟ್. ಅನುಮಾನ ಬಂದವರನ್ನು ಮಾತ್ರ ಕಾಯಿಸೋದು ನನಗೆ ಇಷ್ಟವಾಯಿತು. ಎಲ್ಲರನ್ನೂ ಕಾಯಿಸಿದರೆ ಒಟಿಪಿ ಬರುವಷ್ಟರಲ್ಲಿ ಅದರ ಅವಧಿಯೇ ಮುಗಿದಿರುತ್ತದೆ. ಶುರುವಿನಲ್ಲಿ ರಿಜೆಕ್ಟ್ ಆಫ್ ಮಾಡಿ, ಬರೀ ಹೆಡರ್ ಹಾಕಿಸಿ, ವೆಬ್ ಪುಟದ ಹಿಸ್ಟರಿಯಲ್ಲಿ ಯಾವ ಮೇಲ್‌ಗೆ ಯಾಕೆ ಅಂಕ ಬಿತ್ತು ಅಂತ ನೋಡುತ್ತಾ ಹೋದೆ. ಬೇರೆ ಖಾತೆಯಿಂದ ಫಾರ್ವರ್ಡ್ ಆಗಿ ಬಂದ ಮೇಲ್‌ಗಳಲ್ಲಿ ಎಸ್‌ಪಿಎಫ್ (ಆ ಡೊಮೈನ್‌ನ ಹೆಸರಲ್ಲಿ ಕಳಿಸಲು ಆ ಸರ್ವರ್‌ಗೆ ಅನುಮತಿ ಇದೆಯಾ ಅನ್ನೋ ಪರೀಕ್ಷೆ) ಫೇಲ್ ಆಗಿದ್ದರೂ ಡಿಕಿಮ್, ಅಂದರೆ ಕಳಿಸಿದ ಡೊಮೈನ್ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ, ಸರಿಯಾಗಿಯೇ ಇತ್ತು. ಎಸ್‌ಪಿಎಫ್ ಒಂದನ್ನೇ ನಂಬಿ ರಿಜೆಕ್ಟ್ ಮಾಡೋದು ಅನ್ಯಾಯ. ಹಿಸ್ಟರಿ ನೋಡಿ ಧೈರ್ಯ ಬಂದ ಮೇಲೆ ರಿಜೆಕ್ಟ್ ಆನ್ ಮಾಡಿದೆ.

ಕಡೆಗೆ ಬೇಯ್ಸ್, ಅಂದರೆ ಹಳೆಯ ಮೇಲ್‌ಗಳ ಪದಗಳಿಂದ ಕಲಿತು ಊಹಿಸುವ ಭಾಗ. 200 ಸ್ಪ್ಯಾಮ್, 200 ಒಳ್ಳೆಯ ಮೇಲ್ ಕಲಿಸುವ ತನಕ ಅದು ಬಾಯಿ ಬಿಡಲ್ಲ. ಮೇಲ್‌ಬಾಕ್ಸ್ ನೋಡಿಕೊಳ್ಳುವ ಡವ್‌ಕಾಟ್ ಸರ್ವರ್‌ನ ಐಮ್ಯಾಪ್‌ಸೀವ್ (ಮೇಲ್ ಫೋಲ್ಡರ್ ಬದಲಾಯಿಸಿದಾಗ ಸ್ಕ್ರಿಪ್ಟ್ ಓಡಿಸುವ ಪ್ಲಗಿನ್) ಹಾಕಿದರೆ ಬಳಸುವವರೇ ಕಲಿಸುತ್ತಾರೆ: ಜಂಕ್‌ಗೆ ಎಳೆದರೆ ಸ್ಪ್ಯಾಮ್, ಅಲ್ಲಿಂದ ಹೊರಗೆ ತಂದರೆ ಒಳ್ಳೆಯದು. ಆದರೆ ಜಂಕ್‌ನಿಂದ ಟ್ರ್ಯಾಶ್‌ಗೆ ಹೋಗುವ ಮೇಲ್‌ಗಳನ್ನು ಸ್ಕ್ರಿಪ್ಟ್‌ನಲ್ಲಿ ಬಿಟ್ಟುಬಿಡಿ. ಇಲ್ಲದಿದ್ದರೆ ಜನ ಸ್ಪ್ಯಾಮ್ ಅಳಿಸಿದಾಗಲೆಲ್ಲ ಫಿಲ್ಟರ್ ಅದನ್ನು ಒಳ್ಳೆಯ ಮೇಲ್ ಅಂತ ಕಲಿಯುತ್ತಾ ಹೋಗುತ್ತದೆ.