ಉತ್ತರಾಯಣದ ಸೂರ್ಯನನ್ನು ಡಬ್ಬಿಯಲ್ಲಿ ಹಿಡಿಯುವ ಬಗೆ

ಡಿಸೆಂಬರ್ 21ರಂದು ಸೂರ್ಯ ಹುಟ್ಟುವ ಜಾಗವನ್ನು ಗುರುತಿಟ್ಟುಕೊಂಡು ಜೂನ್ 21ರಂದು ಮತ್ತೆ ನೋಡಿದರೆ, ಬೆಂಗಳೂರಿನಲ್ಲಿ ಅದು ಸುಮಾರು 48 ಡಿಗ್ರಿಯಷ್ಟು ಉತ್ತರಕ್ಕೆ ಸರಿದಿರುತ್ತದೆ. ದಿನದಿನದ ಈ ಸರಿದಾಟವನ್ನು ಒಂದೇ ಕಾಗದದ ಮೇಲೆ ಗೆರೆಗೆರೆಯಾಗಿ ಮೂಡಿಸುವ ವಿಧಾನವೇ ಸೋಲಾರ್‌ಗ್ರಾಫಿ. ಇದಕ್ಕೆ ಲೆನ್ಸ್ ಬೇಡ, ಡೆವಲಪರ್ (ಕಾಗದದ ಮೇಲೆ ಚಿತ್ರ ಮೂಡಿಸುವ ರಾಸಾಯನಿಕ ದ್ರಾವಣ) ಬೇಡ. ಸೂಜಿರಂಧ್ರದ ಡಬ್ಬಿ ಮತ್ತು ಕಪ್ಪು-ಬಿಳುಪು ಫೋಟೋ ಪೇಪರ್ ಸಾಕು.

ತಂಪುಪಾನೀಯದ 330 ಮಿಲಿಲೀಟರ್ ಕ್ಯಾನಿನ ಮೇಲ್ಭಾಗವನ್ನು ಕತ್ತರಿಸಿ, ತೊಳೆದು ಒಣಗಿಸಿ, ಎತ್ತರದ ಮಧ್ಯಕ್ಕೆ ಸಣ್ಣ ಹೊಲಿಗೆ ಸೂಜಿಯ ಮೊನೆಯಿಂದ ಸುಮಾರು 0.3 ಮಿಲಿಮೀಟರಿನ ರಂಧ್ರ ಮಾಡಿ. ಒಳಗೆ ಎದ್ದ ಲೋಹದ ಅಂಚನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜದಿದ್ದರೆ ಚಿತ್ರ ಮಸುಕಾಗುತ್ತದೆ. ರಂಧ್ರಕ್ಕೆ ಕಪ್ಪು ಟೇಪ್ ಅಂಟಿಸಿ. ಕತ್ತಲ ಕೋಣೆಯಲ್ಲಿ, ಮಂದ ಕೆಂಪು ದೀಪದ ಬೆಳಕಿನಲ್ಲಿ, 5×7 ಇಂಚಿನ ಕಾಗದವನ್ನು 10 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, ರಾಸಾಯನಿಕ ಲೇಪನವಿರುವ ಮುಖ ರಂಧ್ರದ ಕಡೆಗಿರುವಂತೆಯೂ ಎರಡು ತುದಿಗಳ ನಡುವಿನ ತೆರವು ರಂಧ್ರವಿರುವ ಜಾಗಕ್ಕೇ ಬಂದು ಕಾಗದ ರಂಧ್ರವನ್ನು ಮುಚ್ಚದಂತೆಯೂ ಒಳಗೋಡೆಗೆ ಸುತ್ತಿ. ಲೇಪನದ ಮುಖ ಯಾವುದೆಂಬ ಅನುಮಾನ ಬಂದರೆ ಒದ್ದೆ ಬೆರಳಿನಿಂದ ಮೂಲೆಯನ್ನು ಮುಟ್ಟಿ ನೋಡಿ. ಅಂಟಂಟಾಗಿರುವುದೇ ಆ ಮುಖ. ಬಳಿಕ ಡಬ್ಬಿಯ ಬಾಯಿಗೆ ಕಪ್ಪು ರಟ್ಟು ಮುಚ್ಚಿ, ಬೆಳಕೂ ನೀರೂ ನುಗ್ಗದಂತೆ ಟೇಪ್ ಸುತ್ತಿ.

ದಿಕ್ಕಿನ ವಿಷಯದಲ್ಲಿ ಎಚ್ಚರ ಬೇಕು. ಯುರೋಪಿನ ಕೈಪಿಡಿಗಳು ಡಬ್ಬಿಯನ್ನು ದಕ್ಷಿಣಕ್ಕೆ ತಿರುಗಿಸಿ ಎನ್ನುತ್ತವೆ. ಅಲ್ಲಿನ ಚಳಿಗಾಲದ ಸೂರ್ಯ ಕೆಳಗೇ ಇರುವುದರಿಂದ ಅದು ಸರಿ. ನೆಟ್ಟಗೆ ನಿಲ್ಲಿಸಿದ ಈ ಡಬ್ಬಿ ದಿಗಂತದಿಂದ ಸುಮಾರು 37 ಡಿಗ್ರಿ ಎತ್ತರದವರೆಗೆ ಮಾತ್ರ ಕಾಣಬಲ್ಲದು, ಬೆಂಗಳೂರಿನಲ್ಲಾದರೋ ಡಿಸೆಂಬರಿನ ಮಧ್ಯಾಹ್ನವೂ ಸೂರ್ಯ 53 ಡಿಗ್ರಿಗಿಂತ ಮೇಲಿರುತ್ತಾನೆ. ಆದ್ದರಿಂದ ನಮ್ಮಲ್ಲಿ ಪೂರ್ವವೋ ಪಶ್ಚಿಮವೋ ಆಗಬೇಕು. ಕಮಾನಿನ ಬದಲು, ನೆಟ್ಟಗೆದ್ದು ತುಸು ದಕ್ಷಿಣಕ್ಕೆ ವಾಲಿದ ಗೆರೆಗಳು ಮೂಡುತ್ತವೆ. ನನ್ನ ಕಣ್ಣಿಗೆ ಅವೇ ಹೆಚ್ಚು ಚೆಂದ.

ಡಬ್ಬಿಯನ್ನು ನಿಮ್ಮದೇ ಮನೆಯ ತಾರಸಿಯ ಕಂಬಿಗೆ ಬೈಂಡಿಂಗ್ ವೈರಿನಿಂದ ಅಲುಗಾಡದಂತೆ ಬಿಗಿಯಿರಿ. ಸಾರ್ವಜನಿಕ ಜಾಗದಲ್ಲಿ ವಾರಸುದಾರರಿಲ್ಲದ ಡಬ್ಬಿ ಜನರಲ್ಲಿ ಭಯ ಹುಟ್ಟಿಸೀತು. ಡಿಸೆಂಬರ್ 21ಕ್ಕೆ ರಂಧ್ರದ ಟೇಪ್ ತೆಗೆದು, ಮುಂಗಾರಿನ ನೀರು ಒಳಸೇರುವ ಮೊದಲು, ಮೇ ಕೊನೆಗೆ ಮುಚ್ಚುವುದು ಕ್ಷೇಮ. ಆದರೂ ಕಾಗದದ ತಾಳ್ಮೆ ದೊಡ್ಡದು: ಇಂಗ್ಲೆಂಡಿನ ಬೇಫೋರ್ಡ್‌ಬರಿ ವೀಕ್ಷಣಾಲಯದಲ್ಲಿ 2012ರಲ್ಲಿ ಇಟ್ಟು ಮರೆತ ಬಿಯರ್ ಕ್ಯಾನೊಂದನ್ನು 2020ರಲ್ಲಿ ತೆಗೆದಾಗ, ಅದರಲ್ಲಿ ಎಂಟು ವರ್ಷಗಳ 2,953 ಸೂರ್ಯಪಥಗಳು ದಾಖಲಾಗಿದ್ದವು.

ತೆಗೆದ ಕಾಗದವನ್ನು ಡೆವಲಪರಿಗೆ ಹಾಕಿದರೆ ಅದು ಪೂರ್ತಿ ಕಪ್ಪಾಗುತ್ತದೆ. ಚಿತ್ರವನ್ನು ಸ್ಥಿರಗೊಳಿಸಲು ಬಳಸುವ ಫಿಕ್ಸರ್ ದ್ರಾವಣವೂ ಇಲ್ಲಿ ಚಿತ್ರವನ್ನು ಬಹಳವಾಗಿ ಮಂಕಾಗಿಸುತ್ತದೆ. ತೇವವಿದ್ದರೆ ಕತ್ತಲಲ್ಲೇ ಒಣಗಿಸಿ, ಪ್ರಿವ್ಯೂ ಇಲ್ಲದೆ ಒಂದೇ ಸಲ ಹೆಚ್ಚಿನ ರೆಸಲ್ಯೂಶನ್ನಿನಲ್ಲಿ ಸ್ಕ್ಯಾನ್ ಮಾಡಿ, ಏಕೆಂದರೆ ಸ್ಕ್ಯಾನರಿನ ಬೆಳಕೂ ಅದನ್ನು ಕಪ್ಪಾಗಿಸುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ನೆಗೆಟಿವ್ ಅನ್ನು ಪಾಸಿಟಿವ್ ಮಾಡಿ, ಎಡಬಲ ತಿರುಗಿಸಿ.

ಡಿಸೆಂಬರ್ ಕೊನೆಯ ಗೆರೆಗಳು ಒಂದರ ಮೇಲೊಂದು ಬಿದ್ದು ದಟ್ಟವಾಗಿ ಹೊಳೆಯುತ್ತವೆ. ಮಾರ್ಚ್ 20ರ ಸುಮಾರಿನವು ದಿನಕ್ಕೆ 0.4 ಡಿಗ್ರಿಯಂತೆ ಬಿಡಿಬಿಡಿಯಾಗಿರುತ್ತವೆ, ಏಕೆಂದರೆ ಸೂರ್ಯ ಆಗಲೇ ಅತಿ ವೇಗವಾಗಿ ಉತ್ತರಕ್ಕೆ ಸರಿಯುತ್ತಾನೆ. ರಸ್ತೆಯ ಜನ, ವಾಹನ ಯಾವುದೂ ಕಾಣುವುದಿಲ್ಲ. ನಡುವೆ ಎದ್ದ ಕಟ್ಟಡ ಮಾತ್ರ ನೆರಳಿನಂತೆ ಅರೆಬರೆ ಕಾಣುತ್ತದೆ. ಗೆರೆ ತುಂಡಾದಲ್ಲೆಲ್ಲ ಮೋಡವಿತ್ತೆಂದು ತಿಳಿಯಬೇಕು. ಹಾಗಾಗಿ ಆ ಐದು ತಿಂಗಳೂ ಬೆಳಗಿನ (ಡಬ್ಬಿ ಪಶ್ಚಿಮಕ್ಕಿದ್ದರೆ ಸಂಜೆಯ) ಆಕಾಶ ಹೇಗಿತ್ತೆಂಬುದನ್ನು ಕ್ಯಾಲೆಂಡರಿನ ಆಯಾ ತಾರೀಖಿನ ಚೌಕದಲ್ಲಿ ಬರೆದಿಡಿ. ಯಾವ ತುಂಡು ಯಾವ ದಿನದ್ದೆಂದು ಗುರುತಿಸಲು ಅದೇ ಆಧಾರ.