ಪಿತ್ತನಾಳದ ಕಲ್ಲು: ಎಂಡೋಸ್ಕೋಪಿಗೆ ಮುಂಚೆ ಮತ್ತು ಆಮೇಲೆ

ಮಡಿಕೇರಿಯಲ್ಲಿ ರೋಗಿಗಳನ್ನು ನೋಡಿ, ಇ.ಆರ್.ಸಿ.ಪಿ. (ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಯಕೃತ್ತಿನಿಂದ ಕರುಳಿಗೆ ಪಿತ್ತ ಒಯ್ಯುವ ಪಿತ್ತನಾಳದೊಳಗೆ ಮಾಡುವ ಚಿಕಿತ್ಸೆ) ಬೇಕಾದವರಿಗೆ ಅದನ್ನು ಮೈಸೂರಿನಲ್ಲಿ ಮಾಡುವ ವೈದ್ಯ ನಾನು. ಕಣ್ಣು ಹಳದಿಯಾಯಿತೆಂದು ಬಂದವರಲ್ಲಿ ನಾನು ಮೊದಲು ವಿಚಾರಿಸುವುದು ಚಳಿಜ್ವರ ಮತ್ತು ಬಲ ಪಕ್ಕೆಯ ಕೆಳಗಿನ ನೋವನ್ನು. ಕಾಮಾಲೆಯೊಂದಿಗೆ ಇವೆರಡೂ ಸೇರಿದ್ದರೆ, ಕಟ್ಟಿಕೊಂಡ ಪಿತ್ತನಾಳದಲ್ಲಿ ಸೋಂಕಾಗಿದೆ ಎಂದೇ ಭಾವಿಸಿ, ತಕ್ಷಣ ಆ್ಯಂಟಿಬಯಾಟಿಕ್ ಆರಂಭಿಸಿ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿ, ಬೇಕಿದ್ದರೆ ವಿಟಮಿನ್ ಕೆ ಕೊಟ್ಟು ಮೈಸೂರಿಗೆ ಕಳುಹಿಸುತ್ತೇನೆ. ನಾಟಿ ಮದ್ದು, ಪಥ್ಯ ಎಂದು ವಾರಗಳನ್ನು ಕಳೆದು ಬಂದವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಾಳದಲ್ಲಿ ಸಿಕ್ಕಿಬಿದ್ದ ಕಲ್ಲು ಪಥ್ಯಕ್ಕೆ ಕರಗುವುದಿಲ್ಲ.

1968ರಲ್ಲಿ ಮೊದಲ ಬಾರಿಗೆ ವರದಿಯಾದಾಗ ಇ.ಆರ್.ಸಿ.ಪಿ. ಕೇವಲ ನೋಡುವ ಪರೀಕ್ಷೆಯಾಗಿತ್ತು. 1974ರಲ್ಲಿ ಜರ್ಮನಿ ಮತ್ತು ಜಪಾನಿನ ವೈದ್ಯರು ನಾಳದ ಬಾಯಿಯನ್ನು ಒಳಗಿನಿಂದಲೇ ಕತ್ತರಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಅದು ಚಿಕಿತ್ಸೆಯಾಯಿತು. ಈಗ ನೋಡುವುದಕ್ಕೆ ಎಂ.ಆರ್.ಸಿ.ಪಿ. (ಎಂ.ಆರ್.ಐ. ಯಂತ್ರದಲ್ಲಿ ನಾಳಗಳ ಚಿತ್ರ ತೆಗೆಯುವ ಪರೀಕ್ಷೆ) ಮತ್ತು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಇರುವುದರಿಂದ, ಒಳಗೆ ಮಾಡಬೇಕಾದ ಕೆಲಸ ಖಚಿತವಾಗದೆ ನಾನು ಇ.ಆರ್.ಸಿ.ಪಿ.ಗೆ ಕೈ ಹಾಕುವುದಿಲ್ಲ. ಈ ಚಿಕಿತ್ಸೆಯಿಂದಲೇ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಉರಿಯೂತ ಬರಬಹುದು, ಕೆಲವರಲ್ಲಿ ಅದು ತೀವ್ರವಾಗುತ್ತದೆ.

ಆ ಅಪಾಯವೆಲ್ಲ ಇರುವುದು ಪ್ಯಾಪಿಲ್ಲಾದಲ್ಲಿ. ಸಣ್ಣ ಕರುಳಿನ ಮೊದಲ ಭಾಗದ ಗೋಡೆಯಲ್ಲಿ ಮೊಲೆತೊಟ್ಟಿನಂತೆ ಕಾಣುವ ಆ ಉಬ್ಬಿನೊಳಗೆ ಪಿತ್ತನಾಳವೂ ಮೇದೋಜೀರಕ ನಾಳವೂ ಸಾಮಾನ್ಯವಾಗಿ ಒಟ್ಟಿಗೆ ತೆರೆದುಕೊಳ್ಳುತ್ತವೆ. ಪಿತ್ತನಾಳ ಗಡಿಯಾರದ ಹನ್ನೊಂದು ಗಂಟೆಯ ದಿಕ್ಕಿಗೆ ಏರುತ್ತದೆಂದು ಕಲಿತಿದ್ದರೂ ಗೈಡ್‌ವೈರ್ (ದಾರಿ ತೋರುವ ತೆಳು ತಂತಿ) ಮತ್ತೆ ಮತ್ತೆ ಇನ್ನೊಂದರೊಳಗೆ ನುಸುಳುತ್ತದೆ. ಹಾಗಾದಾಗ ಹಟ ಹಿಡಿಯದೆ, ಮೇದೋಜೀರಕ ನಾಳಕ್ಕೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಟ್ಟು ಅದನ್ನು ಕಾಪಾಡುತ್ತೇನೆ; ಗುದದ್ವಾರದ ಮೂಲಕ ಕೊಡುವ 100 ಮಿಲಿಗ್ರಾಂ ಇಂಡೊಮೆಥಾಸಿನ್ ಎಂಬ ಉರಿಯೂತ ತಡೆಯುವ ಮದ್ದನ್ನೂ, ಅದು ಒಗ್ಗದವರನ್ನು ಬಿಟ್ಟು, ಯಾರಿಗೂ ತಪ್ಪಿಸುವುದಿಲ್ಲ. ಪಿತ್ತನಾಳದ ಬಾಯಿ ಕತ್ತರಿಸಿ, ಒಳಗೆ ಉಬ್ಬಿಸಿದ ಬಲೂನನ್ನು ಮೆಲ್ಲಗೆ ಎಳೆದಾಗ ಕಂದು ಕಲ್ಲು ಜಾರಿ, ಅದರ ಹಿಂದೆ ಕೀವು ಬೆರೆತ ಪಿತ್ತ ಹರಿದುಬರುತ್ತದೆ. ರೋಗಿಯ ರಕ್ತದೊತ್ತಡ ಕುಸಿದಿದ್ದರೆ ಕಲ್ಲನ್ನು ಹಾಗೆಯೇ ಬಿಟ್ಟು, ಪಿತ್ತ ಇಳಿಯಲು ಸ್ಟೆಂಟ್ ಮಾತ್ರ ಹಾಕಿ ಮುಗಿಸುವುದು ಸರಿಯಾದ ಕ್ರಮ.

ನನ್ನ ದೊಡ್ಡ ಚಿಂತೆ ಆ ಸ್ಟೆಂಟಿನದು. ಪ್ಲಾಸ್ಟಿಕ್ ಸ್ಟೆಂಟನ್ನು ಮೂರು ತಿಂಗಳೊಳಗೆ ತೆಗೆಯಬೇಕು ಅಥವಾ ಬದಲಿಸಬೇಕು. ಇಲ್ಲವಾದರೆ ಅದೇ ಕಟ್ಟಿಕೊಂಡು ಸೋಂಕು ಮರಳುತ್ತದೆ. ನೋವು ಹೋದವರಿಗೆ ಇದು ನೆನಪಿರುವುದಿಲ್ಲ. "ಕಾಫಿ ಕೊಯ್ಲು ಮುಗೀಲಿ ಡಾಕ್ಟ್ರೇ, ಬರ್ತೀನಿ" ಎನ್ನುತ್ತಾರೆ, ಕೊಯ್ಲು ಮುಗಿಯುವಷ್ಟರಲ್ಲಿ ಗಡುವು ದಾಟಿರುತ್ತದೆ. ಆದ್ದರಿಂದ ಡಿಸ್ಚಾರ್ಜ್ ಚೀಟಿಯ ಮೇಲೆ ತಾರೀಖನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಮನೆಯ ಇನ್ನೊಬ್ಬರಿಗೂ ಹೇಳಿ, ಅದು ಜೋರು ಮಳೆಯ ತಿಂಗಳಿಗೆ ಬೀಳುವುದಾದರೆ ಮುಂಚಿತವಾಗಿಯೇ ಕರೆಸುತ್ತೇನೆ. ಪಿತ್ತಕೋಶದಲ್ಲಿ ಕಲ್ಲು ಉಳಿದಿರುವವರಿಗೆ, ಶಸ್ತ್ರಚಿಕಿತ್ಸೆ ತಡೆದುಕೊಳ್ಳುವ ಶಕ್ತಿಯಿದ್ದರೆ, ಎರಡು ವಾರದೊಳಗೆ ಪಿತ್ತಕೋಶ ತೆಗೆಸಿಕೊಳ್ಳಿ ಎಂದು ಶಸ್ತ್ರವೈದ್ಯರ ದಿನ ಗೊತ್ತು ಮಾಡಿಕೊಟ್ಟೇ ಮನೆಗೆ ಕಳುಹಿಸುತ್ತೇನೆ.