ಫ್ಯಾಮಿಲಿ ಮೆಡಿಸಿನ್ ಸೀಟು ಲಾಕ್ ಮಾಡುವ ಮೊದಲು ಓಪಿಡಿ ಬೆಂಚಿನಲ್ಲಿ ಕೂತು ನೋಡಿ

ಪಿಜಿ (ಸ್ನಾತಕೋತ್ತರ) ಸೀಟು ಹಂಚುವ ಕೌನ್ಸೆಲಿಂಗ್ ಹತ್ತಿರ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಎಂಬಿಬಿಎಸ್ ಮುಗಿಸಿದ ಮಕ್ಕಳು ಕೇಳುವ ಮೊದಲ ಪ್ರಶ್ನೆ, ‘ಸರ್, ಆ ಆಸ್ಪತ್ರೆಯಲ್ಲಿ ಎಷ್ಟು ಬೆಡ್ ಇವೆ?’ ಸರ್ಜರಿಗೆ ಹೋಗುವವರು ಕೇಳಲಿ, ಅರ್ಥವಿದೆ. ಫ್ಯಾಮಿಲಿ ಮೆಡಿಸಿನ್‌ಗೆ ಹೋಗುವವರು ಬೇರೆಯದೇ ಕೇಳಬೇಕು. ಇವತ್ತು ನಾನು ನೋಡಿದ ರೋಗಿ ಮುಂದಿನ ತಿಂಗಳು ನನ್ನ ಹತ್ತಿರವೇ ಬರುತ್ತಾನಾ? ಅವನ ಹೆಂಡತಿ, ಮಗು, ಅವ್ವ ನನಗೆ ಪರಿಚಯವಾಗುತ್ತಾರಾ? ಇದಕ್ಕೆ ಅವಕಾಶವೇ ಇಲ್ಲದ ಕಡೆ ಸೇರಿದವರನ್ನು ನೋಡಿದ್ದೇನೆ. ಮೆಡಿಸಿನ್ ವಾರ್ಡಿನಿಂದ ಮಕ್ಕಳ ವಾರ್ಡಿಗೆ, ಅಲ್ಲಿಂದ ಹೆರಿಗೆ ವಾರ್ಡಿಗೆ, ಕೈ ಕಡಿಮೆಯಾದ ಕಡೆಗೆಲ್ಲ ಡ್ಯೂಟಿ ಮಾಡಿ ಸರ್ಟಿಫಿಕೇಟ್ ತಗೊಂಡು ಹೋಗುತ್ತಾರೆ. ಕುಟುಂಬ ವೈದ್ಯರಾಗಿ ಕೂರುವುದು ಹೇಗೆ ಅನ್ನುವುದು ಮಾತ್ರ ಕಲಿತಿರುವುದಿಲ್ಲ.

ಹಾಗಾಗಿ ಸೀಟು ಲಾಕ್ ಮಾಡುವ ಮೊದಲು ಜಾಗ ನೋಡಿ ಬರುವುದು ಹೇಗೆ ಅಂತ ಹೇಳುತ್ತೇನೆ.

ಹಂತ 1: ಕೋರ್ಸ್ ಯಾವುದು

ಎಂಡಿ ಮತ್ತು ಅದಕ್ಕೆ ಸಮನಾದ ಡಿಎನ್‌ಬಿ 3 ವರ್ಷ, ಎನ್‌ಬಿಇಎಂಎಸ್ (ರಾಷ್ಟ್ರೀಯ ವೈದ್ಯಕೀಯ ಪರೀಕ್ಷಾ ಮಂಡಳಿ) ಡಿಪ್ಲೊಮಾ 2 ವರ್ಷ. ಡಿಪ್ಲೊಮಾ ಶುರುವಾಗಿದ್ದು 2020ರಲ್ಲಿ. ಎಲ್ಲದಕ್ಕೂ ನೀಟ್ ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು. ಮನೆಯ ಪರಿಸ್ಥಿತಿ ಬಿಟ್ಟರೆ 3 ವರ್ಷದ್ದನ್ನೇ ತಗೊಳ್ಳಿ. ಒಂದು ಮನೆಯ ಬಸುರಿ, ಹೆರಿಗೆ, ಮಗುವಿನ ಲಸಿಕೆ, ಅಜ್ಜನ ಸಕ್ಕರೆ ಕಾಯಿಲೆ ಎಲ್ಲ ನೋಡಲು 2 ವರ್ಷ ಸಾಲದು.

ಹಂತ 2: ಪಟ್ಟಿ

ಎನ್‌ಬಿಇಎಂಎಸ್ ವೆಬ್‌ಸೈಟಿನಲ್ಲಿ ಮಾನ್ಯತೆ ಪಡೆದ ಆಸ್ಪತ್ರೆಗಳ ಪಟ್ಟಿ ಇರುತ್ತದೆ. ವಿಷಯ ಯಾವುದು, ಮಾನ್ಯತೆ ಯಾವಾಗಿನ ತನಕ ಎಂದು ಎರಡೂ ನೋಡಿ. ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುವ ‘ಟಾಪ್ ಆಸ್ಪತ್ರೆ’ ಪಿಡಿಎಫ್ ತೆರೆಯಲೇಬೇಡಿ. ಬಳ್ಳಾರಿಯ ಮೆಡಿಕಲ್ ಕಾಲೇಜು 1961ರದ್ದು, ರಾಯಚೂರಿನ ರಿಮ್ಸ್ 2007ರದ್ದು, ಕೊಪ್ಪಳದ್ದು 2015ರದ್ದು. ಕಾಲೇಜು ಹಳೆಯದು, ದೊಡ್ಡದು ಅಂದ ಮಾತ್ರಕ್ಕೆ ನಿಮ್ಮ ವಿಷಯದ ಸೀಟು ಅಲ್ಲಿ ಇದ್ದೇ ಇರುತ್ತದೆ ಅಂದುಕೊಳ್ಳಬೇಡಿ. ಬೇರೆ ಜಿಲ್ಲೆಯಲ್ಲಿ ಸಿಕ್ಕರೂ ಜಾಗ ನೋಡುವ ಮುಂದಿನ ಹಂತಗಳು ಅವೇ.

ಹಂತ 3: ಓಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಒಂದು ಸೋಮವಾರ

ಎಡವುವುದು ಇಲ್ಲೇ. ಹೆಚ್ಚಿನವರು ಭಾನುವಾರ ಹೋಗಿ ಕಟ್ಟಡ ನೋಡಿ, ಹಾಸ್ಟೆಲ್ ನೋಡಿ, ಕ್ಯಾಂಟೀನಿನಲ್ಲಿ ಮಿರ್ಚಿ ಮಂಡಕ್ಕಿ ತಿಂದು ವಾಪಸ್ ಬರುತ್ತಾರೆ. ಸೋಮವಾರ ಬೆಳಿಗ್ಗೆ 9ಕ್ಕೆ ಹೋಗಿ, ಮಧ್ಯಾಹ್ನದ ತನಕ ಇರಿ. ಮೊದಲು ಸೂಪರಿಂಟೆಂಡೆಂಟ್ ಅವರನ್ನು ಕಂಡು, ಯಾಕೆ ಬಂದಿದ್ದೇನೆ ಅಂತ ಹೇಳಿ ಒಪ್ಪಿಗೆ ತಗೊಳ್ಳಿ. ಫೋನ್ ಜೇಬಿನಲ್ಲೇ ಇರಲಿ. ರೋಗಿಯ ಕಾಗದ ನೋಡಬೇಕೆಂದರೆ ರೋಗಿಯನ್ನು ಕೇಳಿಯೇ ನೋಡಿ.

ಮೊದಲು ಚೀಟಿ ಕೌಂಟರ್ ಹತ್ತಿರ ನಿಲ್ಲಿ. ಹಳೆ ರೋಗಿ ಬಂದಾಗ ಹಳೆ ನಂಬರಿನಲ್ಲೇ ಚೀಟಿ ಕೊಡುತ್ತಾರಾ, ಅಥವಾ ಪ್ರತಿ ಸಲ ಹೊಸ ಚೀಟಿಯಾ? ಹೊಸದಾದರೆ ಆ ಮನುಷ್ಯ ಪ್ರತಿ ತಿಂಗಳು ಹೊಸ ರೋಗಿಯೇ. ಹಿಂದಿನ ಕಥೆ ಇರುವುದು ಅವನು ತರುವ ಬಟ್ಟೆ ಅಂಗಡಿಯ ಕವರಿನಲ್ಲಿ ಮಾತ್ರ.

ಆಮೇಲೆ ಪಿಜಿ (ಪಿಜಿ ಓದುತ್ತಿರುವ ಡಾಕ್ಟರು) ಕೂರುವ ಕೋಣೆ. ಐವತ್ತು ದಾಟಿದ ಒಬ್ಬ ಹೆಣ್ಣುಮಗಳು ಬರುವ ತನಕ ಕಾಯಿರಿ, ಬಂದೇ ಬರುತ್ತಾರೆ. ಬಿಪಿ, ಶುಗರ್ ಎರಡೂ ಇರುತ್ತದೆ. ಕವರಿನಿಂದ ಮಡಚಿ ಮಡಚಿ ಸವೆದ ಚೀಟಿ, ಲ್ಯಾಬ್ ರಿಪೋರ್ಟು, ಖಾಲಿ ಗುಳಿಗೆ ಪಟ್ಟಿ ಒಂದೊಂದೇ ಟೇಬಲ್ ಮೇಲೆ ಬರುತ್ತವೆ. ‘ಗುಳಿಗಿ ಮುಗದು ಹದಿನೈದು ದಿನ ಆತ್ರಿ’ ಅನ್ನುತ್ತಾರೆ. ಆಗ ಪಿಜಿ ಏನು ಮಾಡುತ್ತಾರೆ ನೋಡಿ. ‘ಯಾಕೆ ಬಿಟ್ಟಿ?’ ಅಂತ ಗದರಿ ಅದೇ ಗುಳಿಗೆ ಬರೆದು ಮುಂದಿನವರನ್ನು ಕರೆದರೆ ಅಲ್ಲಿ ಸಂಖ್ಯೆ ಓಡುತ್ತಿದೆ ಅಂತ ಅರ್ಥ. ‘ಊರಾಗ ಇರಲಿಲ್ಲೇನವ್ವ? ಬೆಂಗಳೂರಿಗೆ ದುಡಿಯಾಕ ಹೋಗಿದ್ರಾ?’ ಅಂತ ಕೇಳಿ, ಮುಂದಿನ ಸಲ ಹೊರಡುವ ಮೊದಲೇ ಬಂದು ಎರಡು ತಿಂಗಳ ಗುಳಿಗೆ ಒಯ್ಯಲು ಹೇಳಿದರೆ, ಆ ಪಿಜಿಗೆ ಯಾರೋ ಸರಿಯಾಗಿ ಕಲಿಸಿದ್ದಾರೆ. ನಮ್ಮ ಮೂರೂ ಜಿಲ್ಲೆಯಲ್ಲಿ ಗುಳೆ ಹೋಗುವ ಜನ ಜಾಸ್ತಿ. ಅದನ್ನು ಕೇಳದೆ ಬಿಪಿ ನೋಡುವುದರಲ್ಲಿ ಏನರ್ಥ?

ಕಲಿಸುವವರು ಎಲ್ಲಿ ಕೂತಿದ್ದಾರೆ ಅನ್ನುವುದನ್ನೂ ಗಮನಿಸಿ. ಪಕ್ಕದ ಕುರ್ಚಿಯಲ್ಲೋ, ಪಕ್ಕದ ಕೋಣೆಯಲ್ಲೋ ಇದ್ದರೆ ಒಳ್ಳೆಯದು. 11 ಗಂಟೆಗೆ ಒಂದು ರೌಂಡ್ ಹಾಕಿ ಹೋಗುವವರಾದರೆ ನೀವು ಕಲಿಯುವುದು ಹಿಂದಿನ ಬ್ಯಾಚಿನ ಪಿಜಿಯಿಂದ. ಅವರ ತಪ್ಪುಗಳೂ ಪುಕ್ಕಟೆ ಬರುತ್ತವೆ.

ಇನ್ನು ರೆಫರಲ್ ಚೀಟಿ. ನನ್ನನ್ನು ಕೇಳಿದರೆ ಇಡೀ ಆಸ್ಪತ್ರೆಯನ್ನು ಇದೊಂದರಲ್ಲೇ ಅಳೆಯಬಹುದು. ಪಿಎಚ್‌ಸಿಯಿಂದ (ಪ್ರಾಥಮಿಕ ಆರೋಗ್ಯ ಕೇಂದ್ರದಿಂದ) ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲೆಗೆ ಕಳಿಸುವ ಚೀಟಿ ಎಲ್ಲ ಕಡೆ ಇದೆ. ವಾಪಸ್ ಕಳಿಸುವ ಚೀಟಿ ಇದೆಯಾ? ಡಿಸ್ಚಾರ್ಜ್ ಆಗಿ ಹೊರಟ ಒಬ್ಬರ ಕಾರ್ಡ್ ಕೇಳಿ ನೋಡಿ. ‘ರಿವ್ಯೂ ಆಫ್ಟರ್ 1 ವೀಕ್’ ಅಂತಷ್ಟೇ ಇದ್ದರೆ ಅವರು ದೇವದುರ್ಗದಿಂದಲೋ ಕುಷ್ಟಗಿಯಿಂದಲೋ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಮತ್ತೆ ಜಿಲ್ಲೆಗೇ ಬರಬೇಕು. ಯಾವ ಪಿಎಚ್‌ಸಿಗೆ ಹೋಗಬೇಕು, ಅಲ್ಲಿ ಏನು ನೋಡಬೇಕು, ಯಾವಾಗ ತಿರುಗಿ ಕಳಿಸಬೇಕು ಎಂದು ಬರೆದಿದ್ದರೆ ಆ ಆಸ್ಪತ್ರೆಗೆ ಹೊರಗಿನ ಕ್ಲಿನಿಕ್ಕಿನ ನೆನಪಿದೆ. ಬರೆದ ಗುಳಿಗೆಯನ್ನೂ ನೋಡಿ. ಪಿಎಚ್‌ಸಿಯಲ್ಲಿ ಸುಲಭವಾಗಿ ಸಿಗುವ ಬಿಪಿ ಗುಳಿಗೆ ಅಮ್ಲೋಡಿಪಿನ್. ಆಸ್ಪತ್ರೆಯವರು ಮೂರು ಔಷಧ ಸೇರಿಸಿದ ಒಂದು ದುಬಾರಿ ಕಂಪನಿ ಗುಳಿಗೆ ಬರೆದರೆ, ಆ ರೋಗಿ ಎರಡನೇ ತಿಂಗಳು ಗುಳಿಗೆ ಬಿಡುತ್ತಾನೆ. ಹೀಗೆ ಬಿಟ್ಟು ಪಾರ್ಶ್ವವಾಯು ಹೊಡೆಸಿಕೊಂಡು ಬಂದವರು ಎಮರ್ಜೆನ್ಸಿಯಲ್ಲಿ ಸಿಗುತ್ತಾರೆ, ಅಲ್ಲೂ ಸ್ವಲ್ಪ ಹೊತ್ತು ನಿಂತು ಬನ್ನಿ.

ಹಂತ 4: ಹೊರಗಿನ ಕ್ಲಿನಿಕ್

ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪಿಎಚ್‌ಸಿ ಎಂಬುದು ನಿಯಮ. ನಿಮ್ಮನ್ನು ಯಾವ ಪಿಎಚ್‌ಸಿಗೆ, ಎಷ್ಟು ತಿಂಗಳು ಹಾಕುತ್ತಾರೆ ಅಂತ ಆಸ್ಪತ್ರೆಯಲ್ಲೇ ಕೇಳಿ, ಅಲ್ಲಿಗೂ ಹೋಗಿ ಬನ್ನಿ. ಎರಡು ವಾರಕ್ಕೊಂದು ಪಿಎಚ್‌ಸಿ ಬದಲಿಸುವ ಕಡೆ ಬೇಡ. ವಾರಕ್ಕೆ ಒಂದೇ ದಿನವಾದರೂ ಸರಿ, ವರ್ಷವಿಡೀ ಒಂದೇ ಪಿಎಚ್‌ಸಿಗೆ ಕಳಿಸುವವರು ಮೇಲು. (ಎಂಡಿ, ಎಂಎಸ್‌ನವರಿಗೆ 2021ರ ಬ್ಯಾಚಿನಿಂದ ಜಿಲ್ಲಾ ಆಸ್ಪತ್ರೆಯಲ್ಲಿ 3 ತಿಂಗಳ ಕೆಲಸ ಕಡ್ಡಾಯವಾಗಿದೆ. ಅದು ಬೇರೆ, ಇದು ಬೇರೆ. ಅದನ್ನೇ ತೋರಿಸಿ ‘ನಮ್ಮಲ್ಲೂ ಹೊರಗಿನ ಪೋಸ್ಟಿಂಗ್ ಇದೆ’ ಅಂದರೆ ಒಪ್ಪಬೇಡಿ.)

ಹೋಗುವುದಾದರೆ ತಿಂಗಳ 9ನೇ ತಾರೀಖು ಹೋಗಿ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನ, ಬಸುರಿಯರು ತಾಯಿ ಕಾರ್ಡ್ ಹಿಡಿದು ಬಂದಿರುತ್ತಾರೆ. ಹಿಮೋಗ್ಲೋಬಿನ್ ಕಡಿಮೆ ಇರುವವರನ್ನು ಸುಮ್ನೆ ಕಬ್ಬಿಣದ ಗುಳಿಗೆ ಕೊಟ್ಟು ಕಳಿಸುತ್ತಾರಾ, ಅಥವಾ ಆಶಾ ಕಾರ್ಯಕರ್ತೆಯನ್ನು ಪಕ್ಕಕ್ಕೆ ಕರೆದು ಮನೆಗೆ ಹೋಗಿ ನೋಡಲು ಹೇಳುತ್ತಾರಾ?

ಔಷಧ ಕೋಣೆಯಲ್ಲಿ ಮೂರು ಕೇಳಿ: ಹಾವಿನ ವಿಷಕ್ಕೆ ಎಎಸ್‌ವಿ, ಕ್ರಿಮಿನಾಶಕದ ವಿಷಕ್ಕೆ ಅಟ್ರೋಪಿನ್, ನಾಯಿ ಕಚ್ಚಿದ್ದಕ್ಕೆ ಲಸಿಕೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಬೆಳೆಗೆ ಕ್ರಿಮಿನಾಶಕ ಹೊಡೆಯುವ ಕಾಲಕ್ಕೆ ಅಟ್ರೋಪಿನ್ ಇಲ್ಲದ ಪಿಎಚ್‌ಸಿಯಲ್ಲಿ ನೀವು ಕಲಿಯುವುದು 108ಕ್ಕೆ ಫೋನ್ ಮಾಡುವುದನ್ನು ಮಾತ್ರ. ನಾಯಿ ಲಸಿಕೆ ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ. ಗುರುವಾರ ಕಚ್ಚಿದರೆ 3ನೇ ದಿನ ಭಾನುವಾರ. ಅವತ್ತು ಆ ರೋಗಿ ಎಲ್ಲಿಗೆ ಹೋಗಬೇಕು ಅಂತ ನರ್ಸಮ್ಮನನ್ನು ಕೇಳಿ. ತಟ್ಟನೆ ಉತ್ತರ ಬಂದರೆ ಆ ಪಿಎಚ್‌ಸಿ ಚೆನ್ನಾಗಿ ನಡೆಯುತ್ತಿದೆ.

ಬಿಪಿ ಮೆಷಿನ್ ಕೂಡ ನೋಡಿ. ಮಣಿಕಟ್ಟಿಗೆ ಕಟ್ಟುವ ಅಗ್ಗದ ಮೆಷಿನ್ ಇಟ್ಟುಕೊಂಡಿದ್ದರೆ, ಸೇರಿದ ಮೇಲೆ ತೋಳಿಗೆ ಕಟ್ಟುವ ಒಳ್ಳೆಯದೊಂದು ನೀವೇ ಕೊಳ್ಳಿ, ದೊಡ್ಡ ತೋಳಿನ ಕಫ್ ಸಮೇತ. ಕೊಪ್ಪಳ, ರಾಯಚೂರಿನ ಫ್ಲೋರೈಡ್ ನೀರಿನ ಊರಾದರೆ ಮಕ್ಕಳ ಹಲ್ಲು ನೋಡುವುದು, ಮೊಣಕಾಲು ನೋವಿನವರನ್ನು ಯಾವ ಬೋರ್‌ವೆಲ್ ನೀರು ಕುಡಿಯುತ್ತೀರಿ ಅಂತ ಕೇಳುವುದು ಅಲ್ಲಿಯ ಡಾಕ್ಟರಿಗೆ ರೂಢಿಯಾಗಿರಬೇಕು.

ಹೆಣ್ಣುಮಕ್ಕಳಿಗೆ ಒಂದು ಮಾತು. ಕ್ವಾರ್ಟರ್ಸ್ ಇದೆ ಅನ್ನುತ್ತಾರೆ. ಬಾಗಿಲು ತೆಗೆಸಿ ಒಳಗೆ ಹೋಗಿ ನೋಡಿ. ಚಿಲಕ, ನೀರು, ರಾತ್ರಿ ಲೈಟು. ಕೊನೆ ಬಸ್ ಎಷ್ಟಕ್ಕೆ ಅಂತ ಕಂಡಕ್ಟರನ್ನೇ ಕೇಳಿ, ಆಫೀಸಿನವರನ್ನಲ್ಲ.

ಹಂತ 5: ಈಗಿರುವ ಪಿಜಿಗಳು

ಹೊರಗೆ ಚಹಾ ಕುಡಿಯುತ್ತಾ ಮಾತಾಡಿಸಿ. ಸ್ಟೈಪೆಂಡ್ ತಿಂಗಳು ತಿಂಗಳು ಬರುತ್ತದಾ, ಥೀಸಿಸ್ ಗೈಡ್ ಸಿಗುತ್ತಾರಾ, ರಜೆ ಹೇಗೆ ಅಂತ ಕೇಳಿ. ಲಾಗ್‌ಬುಕ್ (ನೋಡಿದ ಕೇಸುಗಳನ್ನು ಬರೆದಿಡುವ ಪುಸ್ತಕ) ತೋರಿಸಲು ಹೇಳಿ. ಒಂದೇ ಪೆನ್ನಿನಲ್ಲಿ, ಒಂದೇ ಕೂತಲ್ಲಿ ಇಡೀ ತಿಂಗಳಿನದು ಬರೆದಿದ್ದರೆ ಕಣ್ಣಿಗೆ ಕಾಣುತ್ತದೆ. ಝೆರಾಕ್ಸ್ ಅಂಗಡಿಗಳಲ್ಲಿ ಮೊದಲೇ ಕೇಸ್ ತುಂಬಿದ ಲಾಗ್‌ಬುಕ್ ಮಾರುವವರಿದ್ದಾರೆ. ಅದಕ್ಕೆ ದುಡ್ಡು ಹಾಕಬೇಡಿ.

ಹಂತ 6: ಲಾಕ್

ಎಂಸಿಸಿ (ಕೇಂದ್ರದ ಕೌನ್ಸೆಲಿಂಗ್ ನಡೆಸುವ ಸಮಿತಿ) ಸೈಟಿನಲ್ಲಿ ಆಸ್ಪತ್ರೆಗಳನ್ನು ಇಷ್ಟದ ಕ್ರಮದಲ್ಲೇ ತುಂಬಿ, ನಿಮ್ಮ ರ‍್ಯಾಂಕಿಗೆ ಸಿಗುವುದಿಲ್ಲ ಅಂತ ಮೇಲಿನದನ್ನು ಬಿಡಬೇಡಿ. ಕೊನೆ ಗಂಟೆಯಲ್ಲಿ ಸೈಟು ನಿಧಾನವಾಗುತ್ತದೆ, ಹಿಂದಿನ ದಿನವೇ ಲಾಕ್ ಮಾಡಿ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಸೀಟು ಹಂಚಿಕೆ ಪಟ್ಟಿ ಬಂದ ಮೇಲೆ ಆಸ್ಪತ್ರೆಗೆ ಹೋಗಿ ರಿಪೋರ್ಟ್ ಮಾಡಲು ಕೊಡುವ ದಿನ ಕಡಿಮೆ. ಮೂಲ ಅಂಕಪಟ್ಟಿ, ಇಂಟರ್ನ್‌ಶಿಪ್ ಸರ್ಟಿಫಿಕೇಟ್, ಕೆಎಂಸಿ (ಕರ್ನಾಟಕ ಮೆಡಿಕಲ್ ಕೌನ್ಸಿಲ್) ನೋಂದಣಿ ಒಂದೇ ಫೈಲಿನಲ್ಲಿರಲಿ. 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಅರ್ಹತಾ ಪತ್ರ ಇದ್ದರೆ ಅದನ್ನೂ ಹಾಕಿಡಿ. ರಾಜ್ಯದ ಕೌನ್ಸೆಲಿಂಗಿಗೆ ಹೋಗಬೇಕಾಗಿ ಬಂದರೆ ಅದನ್ನು ಕೇಳುತ್ತಾರೆ.